ಎಡಿಎಚ್‌ಡಿ ಇರುವ ಮಗು ಮತ್ತು ಶಾಲೆ: ಯಾವುದು ಮೊದಲು, ಯಾವುದು ಆಮೇಲೆ

ಜೂನ್‌ನಲ್ಲಿ ಶಾಲೆ ಆರಂಭವಾಗಿ ಆಗಸ್ಟ್ ಮುಗಿಯುವಷ್ಟರಲ್ಲಿ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಪೋಷಕರು ನನ್ನ ಮುಂದೆ ಇಡುವ ಪಟ್ಟಿ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಟ್ಯೂಷನ್ ಹಾಕಿಸಿ ಆಯಿತು, ಶಾಲೆ ಬದಲಿಸಿ ಆಯಿತು, ಮೊಬೈಲ್ ಕಿತ್ತುಕೊಂಡು ಆಯಿತು, ಪರೀಕ್ಷೆಯಲ್ಲಿ ಪಾಸಾದರೆ ಸೈಕಲ್ ಕೊಡಿಸುತ್ತೇವೆಂದು ಹೇಳಿ ಆಯಿತು, ಕೊನೆಗೆ ತಾಯತವನ್ನೂ ಕಟ್ಟಿಸಿ ಆಯಿತು. ಮಗು ಮಾತ್ರ ಇದ್ದಲ್ಲೇ ಇದೆ. ಇವರಾರೂ ಪ್ರಯತ್ನದಲ್ಲಿ ಹಿಂದೆ ಬಿದ್ದವರಲ್ಲ. ಕೊನೆಗೆ ಮಾಡಬೇಕಾದದ್ದನ್ನು ಮೊದಲು ಮಾಡಿ, ಮೊದಲು ಮಾಡಬೇಕಾದದ್ದನ್ನು ಬಿಟ್ಟಿದ್ದಾರೆ, ಅಷ್ಟೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಕ್ರಮಕ್ಕೇ ಹೆಚ್ಚಿನ ಒತ್ತು ಕೊಟ್ಟಿದ್ದೇನೆ.

ಕ್ರಮ ಅರ್ಥವಾಗಬೇಕಾದರೆ ಒಂದು ಸಂಗತಿ ತಿಳಿದಿರಬೇಕು. ಎಡಿಎಚ್‌ಡಿ (ಗಮನ ನಿಲ್ಲದ, ಕೆಲವರಲ್ಲಿ ಅತಿ ಚಟುವಟಿಕೆಯೂ ಆತುರವೂ ಇರುವ ಬೆಳವಣಿಗೆಯ ತೊಂದರೆ) ಇರುವ ಬಹುತೇಕ ಮಕ್ಕಳಿಗೆ ಏನು ಮಾಡಬೇಕೆಂಬುದು ಗೊತ್ತಿರುತ್ತದೆ. ಗೊತ್ತಿರುವುದನ್ನು ಆ ಹೊತ್ತಿಗೆ, ಆ ಜಾಗದಲ್ಲಿ ಮಾಡಲು ಆಗುವುದಿಲ್ಲ. ಹಾಗಾಗಿ ಸಹಾಯವೂ ಆ ಹೊತ್ತಿನಲ್ಲಿ, ಆ ಜಾಗದಲ್ಲೇ ಇರಬೇಕಾಗುತ್ತದೆ. ಸಂಜೆ ಮನೆಯಲ್ಲಿ ಹೇಳಿದ ಬುದ್ಧಿಮಾತು ಮರುದಿನ ಬೆಳಗಿನ ಗಣಿತದ ಪೀರಿಯಡ್‌ವರೆಗೆ ಉಳಿಯುವುದಿಲ್ಲ. ಮಾರ್ಚ್‌ನಲ್ಲಿ ಸಿಗಲಿರುವ ಸೈಕಲ್ ಜುಲೈ ತಿಂಗಳ ಮಗುವಿನ ಕಣ್ಣಿಗೆ ಕಾಣುವುದೇ ಇಲ್ಲ.

ಬೇಕಾಗುವ ಸಾಮಗ್ರಿಗಳು

ನೂರು ಪುಟದ ಒಂದು ನೋಟ್‌ಬುಕ್, ಅಡುಗೆಮನೆಯಲ್ಲಿ ಬಳಸುವಂತಹ ಒಂದು ಟೈಮರ್, ಪ್ರತಿ ವಿಷಯಕ್ಕೆ ಒಂದೊಂದು ಬಣ್ಣದ ಬೈಂಡು, ಜಿಪ್ ಇರುವ ಪ್ಲಾಸ್ಟಿಕ್ ಚೀಲ ಮತ್ತು ಕೆಲವು ಜೆರಾಕ್ಸ್ ಪ್ರತಿಗಳು ಸಾಕು. ಟೈಮರ್ ಬದಲು ಮೊಬೈಲ್ ಬಳಸಬೇಡಿ. ಸಮಯ ನೋಡಲು ತೆಗೆದ ಮೊಬೈಲ್ ಅರ್ಧ ಗಂಟೆಯಾದರೂ ಕೈಬಿಟ್ಟು ಹೋಗುವುದಿಲ್ಲ. ಪ್ಲಾಸ್ಟಿಕ್ ಚೀಲವನ್ನು ಅನಗತ್ಯವೆಂದು ಬಿಡಬೇಡಿ. ಕೊಪ್ಪ, ಶೃಂಗೇರಿ, ಸಕಲೇಶಪುರದ ಮಳೆಯಲ್ಲಿ ಬ್ಯಾಗಿನೊಳಗಿನ ಕಾಗದ ಮುದ್ದೆಯಾಗುತ್ತದೆ, ಮತ್ತು ಮುಂದೆ ಹೇಳುವ ಇಡೀ ವ್ಯವಸ್ಥೆ ನಿಂತಿರುವುದು ಒಂದು ಕಾಗದದ ಚೀಟಿಯ ಮೇಲೆ.

ಹಂತ 1: ಎರಡು ವಾರ ಬರೆದಿಡುವುದು

ವೈದ್ಯರನ್ನೋ ಶಿಕ್ಷಕರನ್ನೋ ಕಾಣುವ ಮೊದಲು ಹದಿನಾಲ್ಕು ದಿನ ನೋಟ್‌ಬುಕ್‌ನಲ್ಲಿ ದಿನಕ್ಕೆ ನಾಲ್ಕೈದು ಸಾಲು ಬರೆಯಿರಿ. ಏನಾಯಿತು, ಎಷ್ಟು ಹೊತ್ತಿಗೆ, ಅದಕ್ಕೆ ಮೊದಲು ಏನು ನಡೆಯುತ್ತಿತ್ತು, ಆಮೇಲೆ ನೀವೇನು ಮಾಡಿದಿರಿ ಎಂಬಿಷ್ಟೇ ಸಾಕು. ‘ಇವತ್ತು ತುಂಬಾ ತರಲೆ’ ಎಂಬ ಸಾಲಿನಿಂದ ಯಾರಿಗೂ ಉಪಯೋಗವಿಲ್ಲ. ‘ಐದು ಲೆಕ್ಕಕ್ಕೆ ಐವತ್ತು ನಿಮಿಷ, ಏಳು ಸಲ ಎದ್ದ, ಎರಡನೆಯ ಲೆಕ್ಕದ ನಂತರ ಪೆನ್ಸಿಲ್ ಕಳೆದುಕೊಂಡ’ ಎಂಬ ಸಾಲಿನಿಂದ ವೈದ್ಯರಿಗೂ ಶಿಕ್ಷಕರಿಗೂ ಕೆಲಸ ಸಿಗುತ್ತದೆ.

ಮಲಗಿದ ಮತ್ತು ಎದ್ದ ಹೊತ್ತು, ಗೊರಕೆ, ಊಟದ ಪ್ರಮಾಣ, ಶಾಲೆಗೆ ಹೊರಡುವ ಹಾಗೂ ಮರಳುವ ಬಸ್ಸಿನ ಸಮಯ ಇವನ್ನೂ ದಾಖಲಿಸಿ. ಬಸ್ಸಿನ ಸಮಯ ಏಕೆ ಮುಖ್ಯ ಎಂಬುದು ಮೂರನೆಯ ಹಂತದಲ್ಲಿ ತಿಳಿಯುತ್ತದೆ.

ಇಲ್ಲಿ ಆಗುವ ದೊಡ್ಡ ತಪ್ಪೆಂದರೆ ಗಲಾಟೆಯನ್ನು ಮಾತ್ರ ಬರೆಯುವುದು. ಎಡಿಎಚ್‌ಡಿಯಲ್ಲಿ ಓಡಾಟವೇ ಇಲ್ಲದ ಬಗೆಯೂ ಇದೆ. ಹಿಂದಿನ ಬೆಂಚಿನಲ್ಲಿ ಕಿಟಕಿಯ ಕಡೆ ನೋಡುತ್ತಾ ಸದ್ದಿಲ್ಲದೆ ಕುಳಿತು, ಹೇಳಿದ್ದರಲ್ಲಿ ಅರ್ಧವನ್ನು ಮಾತ್ರ ಮಾಡಿ, ಪ್ರತಿದಿನ ಏನಾದರೂ ಮರೆತು ಬರುವ ಹುಡುಗಿಯನ್ನು ‘ಪಾಪದ ಹುಡುಗಿ, ಸ್ವಲ್ಪ ಮಂದ’ ಎಂದು ಬದಿಗಿಟ್ಟುಬಿಡುತ್ತಾರೆ. ಯಾರಿಗೂ ತೊಂದರೆ ಕೊಡದ ಕಾರಣಕ್ಕೇ ಇಂತಹ ಮಕ್ಕಳು ವರ್ಷಗಟ್ಟಲೆ ತಪ್ಪಿಹೋಗುತ್ತಾರೆ.

ಸರ್ಕಾರಿ ಶಾಲೆಯ ಮಕ್ಕಳಲ್ಲಿ ಇನ್ನೊಂದನ್ನು ಗಮನಿಸಿ. ಒಂದರಿಂದ ಮೂರನೆಯ ತರಗತಿಯವರೆಗೆ ನಲಿ-ಕಲಿ ಪದ್ಧತಿಯಲ್ಲಿ ಮಗು ಗುಂಪಿನಿಂದ ಗುಂಪಿಗೆ ಎದ್ದು ಹೋಗುತ್ತಾ, ಕಾರ್ಡುಗಳನ್ನು ಹಿಡಿದು, ತನ್ನ ವೇಗದಲ್ಲಿ ಕಲಿಯುತ್ತದೆ. ಓಡಾಟ ಅಲ್ಲಿ ಪಾಠದ ಭಾಗವೇ ಆಗಿರುವುದರಿಂದ ತೊಂದರೆ ಮುಚ್ಚಿಕೊಂಡಿರುತ್ತದೆ. ನಾಲ್ಕನೆಯ ತರಗತಿಯಲ್ಲಿ ಪಠ್ಯಪುಸ್ತಕ, ಹಲಗೆ, ದೀರ್ಘ ಬರವಣಿಗೆ ಆರಂಭವಾದಾಗ ‘ಮೂರನೇ ಕ್ಲಾಸಿನವರೆಗೂ ಚೆನ್ನಾಗಿದ್ದ, ಈಗ ಕೆಟ್ಟ’ ಎಂಬ ಮಾತು ಬರುತ್ತದೆ. ಮಗು ಕೆಟ್ಟಿಲ್ಲ, ಕೂರುವ ಬಗೆ ಬದಲಾಗಿದೆ. ಇದನ್ನೂ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದಿಡಿ.

ಹಂತ 2: ಬೇರೆ ಕಾರಣಗಳನ್ನು ತಳ್ಳಿಹಾಕಿ, ನಂತರ ತಪಾಸಣೆ

ಗಮನ ನಿಲ್ಲದಿರಲು ಎಡಿಎಚ್‌ಡಿ ಒಂದೇ ಕಾರಣವಲ್ಲ. ಕಿವಿ ಸೋರಿ ಮಂದವಾಗಿ ಕೇಳುವುದು, ಹಲಗೆ ಕಾಣದಿರುವುದು, ಮೂಗಿನ ಹಿಂದಿನ ಗ್ರಂಥಿ ಊದಿ ರಾತ್ರಿ ಸರಿಯಾಗಿ ನಿದ್ದೆಯಾಗದಿರುವುದು, ರಕ್ತಹೀನತೆ, ಓದು-ಬರಹದ ನಿರ್ದಿಷ್ಟ ಕಲಿಕಾ ನ್ಯೂನತೆ, ಮನೆಯೊಳಗಿನ ಭಯ, ಇವೆಲ್ಲವೂ ಹೊರಗಿನಿಂದ ಒಂದೇ ರೀತಿ ಕಾಣುತ್ತವೆ. ಮಾತಿನ ಮಧ್ಯೆ ಕೆಲವು ಕ್ಷಣ ಕಣ್ಣು ಬಿಟ್ಟುಕೊಂಡೇ ಸ್ತಬ್ಧವಾಗಿ, ಮುಟ್ಟಿದರೂ ಪ್ರತಿಕ್ರಿಯಿಸದೆ, ಮತ್ತೆ ಏನೂ ಆಗದಂತೆ ಮುಂದುವರಿಯುವ ಮಗುವಿಗೆ ಒಂದು ಬಗೆಯ ಮೂರ್ಛೆರೋಗ ಇರಬಹುದು. ಅದನ್ನು ಹಗಲುಗನಸು ಎಂದುಕೊಂಡು ಕಾಯಬಾರದು. ಮಕ್ಕಳ ವೈದ್ಯರಿಗೆ ಬೇಗ ತೋರಿಸಬೇಕು.

ಕ್ರಮ ಹೀಗಿರಲಿ: ಮೊದಲು ಕಣ್ಣು ಮತ್ತು ಕಿವಿಯ ಪರೀಕ್ಷೆ, ಅನಂತರ ಮಕ್ಕಳ ತಜ್ಞರು, ಅವರ ಸಲಹೆಯಂತೆ ಮನೋವೈದ್ಯರು ಅಥವಾ ಚಿಕಿತ್ಸಾ ಮನಶ್ಶಾಸ್ತ್ರಜ್ಞರು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ಎಡಿಎಚ್‌ಡಿ ಮತ್ತು ಕಲಿಕಾ ನ್ಯೂನತೆ ಎರಡೂ ಇವೆ. ಶಾಲೆಗೆ ಆ ಕಾರ್ಯಕ್ರಮದ ತಪಾಸಣಾ ತಂಡ ಬರುವ ದಿನವನ್ನು ಮುಖ್ಯಶಿಕ್ಷಕರಿಂದ ಮುಂಚಿತವಾಗಿ ತಿಳಿದುಕೊಂಡು ನಿಮ್ಮ ನೋಟ್‌ಬುಕ್‌ನೊಂದಿಗೆ ಹೋದರೆ, ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಕ್ಕೆ (ಡಿಇಐಸಿ) ಶಿಫಾರಸು ಚೀಟಿ ಬರೆಸಿಕೊಳ್ಳಬಹುದು. ಹಾಸನದಲ್ಲಿಯೂ ಚಿಕ್ಕಮಗಳೂರಿನಲ್ಲಿಯೂ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಕಿವಿ ಮತ್ತು ಮಾತಿನ ಸಂಶಯವಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಪ್ರಕರಣ ಜಟಿಲವಾಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್. ಎಲ್ಲಿಂದ ಆರಂಭಿಸಬೇಕೆಂದು ತೋಚದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ತಜ್ಞರು ಸಾಮಾನ್ಯವಾಗಿ ನೋಡುವ ಅಳತೆಗಳಿವು: ಲಕ್ಷಣಗಳು ಕನಿಷ್ಠ 6 ತಿಂಗಳಿಂದ ಇರಬೇಕು, ಅವುಗಳಲ್ಲಿ ಕೆಲವಾದರೂ 12 ವರ್ಷಕ್ಕೆ ಮೊದಲೇ ಕಂಡಿರಬೇಕು, ಮನೆ ಮತ್ತು ಶಾಲೆಯಂತಹ ಎರಡು ಕಡೆ ಕಾಣಿಸಬೇಕು, ಮಗುವಿನ ಕಲಿಕೆಗೋ ಒಡನಾಟಕ್ಕೋ ನಿಜವಾಗಿ ಅಡ್ಡಿಯಾಗುತ್ತಿರಬೇಕು. ಎರಡು ಕಡೆ ಎಂಬ ಕಾರಣಕ್ಕೇ ಶಿಕ್ಷಕರು ತುಂಬಬೇಕಾದ ನಮೂನೆಯೊಂದನ್ನು ವೈದ್ಯರು ಕೊಡುತ್ತಾರೆ. ಅದನ್ನು ಮನೆಯಲ್ಲೇ ಕುಳಿತು ನೀವೇ ತುಂಬಿದರೆ ತಪಾಸಣೆ ಅಲ್ಲಿಗೇ ಕೆಟ್ಟಿತು. ಎಡಿಎಚ್‌ಡಿ ಇದೆ ಅಥವಾ ಇಲ್ಲ ಎಂದು ಹೇಳುವ ರಕ್ತಪರೀಕ್ಷೆಯೂ ಇಲ್ಲ, ಮೆದುಳಿನ ಸ್ಕ್ಯಾನೂ ಇಲ್ಲ. ಸಂಶಯಿತ ಮೂರ್ಛೆಯಂತಹ ಬೇರೆ ಕಾರಣಕ್ಕಾಗಿ ವೈದ್ಯರು ಕೆಲವು ಪರೀಕ್ಷೆಗಳನ್ನು ಹೇಳಬಹುದು. ಆದರೆ ‘ಸ್ಕ್ಯಾನ್ ಮಾಡಿಸಿದರೆ ಎಡಿಎಚ್‌ಡಿ ಗೊತ್ತಾಗುತ್ತದೆ’ ಎಂದು ಯಾರಾದರೂ ಹೇಳಿದರೆ ಹಣವನ್ನು ಜೇಬಿನಲ್ಲಿಯೇ ಇಟ್ಟುಕೊಳ್ಳಿ.

ಹಂತ 3: ಔಷಧದ ಪ್ರಶ್ನೆ

ಔಷಧ ಬೇಕೋ ಬೇಡವೋ ಎಂಬುದು ವೈದ್ಯರು ಮತ್ತು ನೀವು ಕೂಡಿ ತೀರ್ಮಾನಿಸುವ ವಿಷಯ. ಆರು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಪೋಷಕರ ತರಬೇತಿಯನ್ನೇ ಮೊದಲ ಚಿಕಿತ್ಸೆಯಾಗಿ ಸೂಚಿಸುತ್ತಾರೆ. ದೊಡ್ಡ ಮಕ್ಕಳಲ್ಲಿ ಔಷಧ ಮತ್ತು ವರ್ತನೆಯ ಕ್ರಮಗಳು ಜೊತೆಯಾಗಿ ಸಾಗುತ್ತವೆ. ಮೀಥೈಲ್‌ಫೆನಿಡೇಟ್ ಹೆಚ್ಚಾಗಿ ಬಳಕೆಯಲ್ಲಿರುವ ಔಷಧ. ಆಟೊಮಾಕ್ಸೆಟೀನ್ ಇನ್ನೊಂದು ಬಗೆಯದು, ಅದರ ಪೂರ್ಣ ಪರಿಣಾಮ ಕಾಣಲು ಕೆಲವು ವಾರಗಳೇ ಬೇಕಾಗುತ್ತವೆ. ಕುಟುಂಬದಲ್ಲಿ ಹೃದಯದ ತೊಂದರೆ ಇದ್ದರೆ ಕೇಳುವ ಮೊದಲೇ ಹೇಳಿ.

ಈಗ ಬಸ್ಸಿನ ವಿಷಯ. ಮೀಥೈಲ್‌ಫೆನಿಡೇಟ್‌ನ ಸಾಮಾನ್ಯ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ ಇರುತ್ತದೆ. ಕಳಸದ ಕಡೆಯ ಎಸ್ಟೇಟ್ ಕಾರ್ಮಿಕರ ಲೈನ್ ಮನೆಯಿಂದ ಏಳು ಗಂಟೆಗೆ ಹೊರಡುವ ಮಗು ಆರೂವರೆಗೆ ಮಾತ್ರೆ ನುಂಗಿದರೆ, ಅರ್ಧದಷ್ಟು ಪರಿಣಾಮ ಬಸ್ಸಿನಲ್ಲಿ ಮತ್ತು ಶಾಲೆಯ ಜಗುಲಿಯಲ್ಲಿಯೇ ಕರಗಿ, ಹನ್ನೊಂದರ ಗಣಿತಕ್ಕೆ ಏನೂ ಉಳಿಯುವುದಿಲ್ಲ. ‘ಮಾತ್ರೆ ಕೆಲಸ ಮಾಡುತ್ತಿಲ್ಲ’ ಎಂದು ದೂರುವ ಎಷ್ಟೋ ಮನೆಗಳಲ್ಲಿ ಮಾತ್ರೆ ಕೆಲಸ ಮಾಡುತ್ತಿರುತ್ತದೆ, ಬಸ್ಸಿನಲ್ಲಿ. ಮನೆ ಬಿಡುವ ಹೊತ್ತು, ಮೊದಲ ಪೀರಿಯಡ್, ಕಷ್ಟದ ಪೀರಿಯಡ್, ಮರಳುವ ಹೊತ್ತು, ಈ ನಾಲ್ಕನ್ನೂ ಬರೆದು ವೈದ್ಯರಿಗೆ ಕೊಡಿ. ಸಮಯವನ್ನೋ ಔಷಧದ ಬಗೆಯನ್ನೋ ಅವರು ಅದಕ್ಕೆ ಹೊಂದಿಸುತ್ತಾರೆ. ನೀವಾಗಿಯೇ ಹೊಂದಿಸಬೇಡಿ.

ಈ ಔಷಧ ಹಸಿವನ್ನು ಕುಗ್ಗಿಸುತ್ತದೆ. ಮಧ್ಯಾಹ್ನದ ಬಿಸಿಯೂಟವನ್ನು ಮಗು ಹಾಗೇ ಬಿಟ್ಟು ಬರುತ್ತಿದ್ದರೆ ಅದು ಹಟವಲ್ಲ. ಬೆಳಿಗ್ಗೆ ಮಾತ್ರೆಗೆ ಮೊದಲು ಹೊಟ್ಟೆ ತುಂಬ ತಿಂಡಿ, ಸಂಜೆ ಹಸಿವು ಮರಳಿದಾಗ ಇನ್ನೊಂದು ಊಟ ಕೊಡಿ, ತಿಂಗಳಿಗೊಮ್ಮೆ ತೂಕ ನೋಡಿ ಬರೆದಿಡಿ. ಇದು ನಿಯಂತ್ರಣಕ್ಕೊಳಪಟ್ಟ ಔಷಧವಾದ್ದರಿಂದ ಪ್ರತಿ ಅಂಗಡಿಯಲ್ಲಿ ಸಿಗುವುದಿಲ್ಲ, ವೈದ್ಯರ ಚೀಟಿಯಿಲ್ಲದೆ ಕೊಡುವುದೂ ಇಲ್ಲ. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವ ಊರಿನವರು ಮಾತ್ರೆ ಮುಗಿಯುವ ದಿನಕ್ಕೆ ಕಾಯದೆ ಹತ್ತು ದಿನ ಮೊದಲೇ ವೈದ್ಯರನ್ನು ಕಾಣುವುದು ಒಳ್ಳೆಯದು.

ಕಾಫಿ ಸೀಮೆಯಲ್ಲಿ ಕುಳಿತು ಇದನ್ನು ಬರೆಯಲು ಸಂಕೋಚವಾಗುತ್ತದೆ, ಆದರೂ ಬರೆಯಬೇಕು: ಮಗುವಿಗೆ ಸಂಜೆಯ ಕಾಫಿ ಬೇಡ. ಅದು ನಿದ್ದೆಯನ್ನು ಹಿಂದಕ್ಕೆ ತಳ್ಳುತ್ತದೆ, ನಿದ್ದೆ ಕೆಟ್ಟರೆ ಮರುದಿನದ ಗಮನವೂ ಕೆಡುತ್ತದೆ. ಕಾಫಿ ಕುಡಿಸಿದರೆ ಗಮನ ಬರುತ್ತದೆಂದು ಮಾತ್ರೆಯ ಬದಲಿಗೆ ಕೊಡುವುದಂತೂ ಸರಿಯಲ್ಲ. ಸಕ್ಕರೆ ತಿಂದುದರಿಂದ ಎಡಿಎಚ್‌ಡಿ ಬರುತ್ತದೆಂಬ ನಂಬಿಕೆಗೂ ಆಧಾರವಿಲ್ಲ.

ಹಂತ 4: ತರಗತಿ ಶಿಕ್ಷಕರೊಂದಿಗೆ ಮಾತುಕತೆ

ಹೆಚ್ಚಿನ ಪ್ರಯತ್ನಗಳು ಸೋಲುವುದು ಇಲ್ಲಿ. ಪ್ರಾರ್ಥನೆಯ ಹೊತ್ತಿನಲ್ಲೋ ಗೇಟಿನ ಬಳಿಯೋ ಶಿಕ್ಷಕರನ್ನು ನಿಲ್ಲಿಸಿ, ‘ನಮ್ಮ ಮಗನಿಗೆ ಎಡಿಎಚ್‌ಡಿಯಂತೆ, ಸ್ವಲ್ಪ ನೋಡಿಕೊಳ್ಳಿ’ ಎಂದು ಹೇಳಿ ಹೋಗುತ್ತಾರೆ. ನಲವತ್ತು ಮಕ್ಕಳಿರುವ ಕೊಠಡಿಯಲ್ಲಿ ‘ನೋಡಿಕೊಳ್ಳಿ’ ಎಂಬುದಕ್ಕೆ ಅರ್ಥವೇ ಇಲ್ಲ. ಮೂರು ತರಗತಿಗಳನ್ನು ಒಬ್ಬರೇ ನಡೆಸುವ ಮಲೆನಾಡಿನ ಶಾಲೆಯಲ್ಲಿ ಆ ಮಾತು ಶಿಕ್ಷಕರಿಗೆ ಇನ್ನೊಂದು ಹೊರೆಯಾಗಿ ಕೇಳಿಸುತ್ತದೆ.

ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಇಪ್ಪತ್ತು ನಿಮಿಷ ಸಮಯ ಕೇಳಿಕೊಂಡು ಹೋಗಿ. ವೈದ್ಯರ ವರದಿಯ ಜೆರಾಕ್ಸ್ ಮತ್ತು ನಿಮ್ಮ ನೋಟ್‌ಬುಕ್ ಜೊತೆಯಲ್ಲಿರಲಿ. ಮೊದಲು ಶಿಕ್ಷಕರಿಗೆ ಯಾವ ಹೊತ್ತು ಹೆಚ್ಚು ಕಷ್ಟವಾಗುತ್ತದೆಂದು ಕೇಳಿ, ಅವರು ಹೇಳುವುದನ್ನು ಅವರ ಮುಂದೆಯೇ ಬರೆದುಕೊಳ್ಳಿ. ಅವರ ಮಾತು ಮುಗಿದ ಮೇಲೆ ಮೂರೇ ಮೂರು ಬೇಡಿಕೆಗಳನ್ನು ಇಡಿ.

1. ಕೂರುವ ಜಾಗ. ಮುಂದಿನ ಸಾಲು ಎಂದರೆ ಸಾಲದು; ಬಾಗಿಲು, ಕಿಟಕಿ ಮತ್ತು ಬಿಸಿಯೂಟದ ಕೋಣೆಯಿಂದ ದೂರ, ಶಿಕ್ಷಕರ ಕೈಗೆಟುಕುವ ಜಾಗ, ಪಕ್ಕದಲ್ಲಿ ಶಾಂತ ಸ್ವಭಾವದ ಮಗು. ತಗಡಿನ ಮಾಡಿನ ಕೊಠಡಿಯಲ್ಲಿ ಜೋರು ಮಳೆ ಬಂದಾಗ ಹಿಂದಿನವರಿಗೆ ಶಿಕ್ಷಕರ ಮಾತು ಕೇಳಿಸುವುದೇ ಇಲ್ಲ. ಮಳೆಗಾಲಕ್ಕೆ ಇದು ಇನ್ನೂ ಮುಖ್ಯ.

2. ಸೂಚನೆ ಕೊಡುವ ಬಗೆ. ಒಂದು ಬಾರಿಗೆ ಒಂದೇ ಸೂಚನೆ, ಹೆಸರು ಕರೆದು, ಮಗು ತಮ್ಮ ಕಡೆ ನೋಡಿದ ಮೇಲೆ. ‘ಪುಸ್ತಕ ತೆಗೆದು, 42ನೇ ಪುಟ ಬಿಡಿಸಿ, ಮೂರನೇ ಪ್ರಶ್ನೆ ಬರೆದು ತೋರಿಸಿ’ ಎಂಬುದರಲ್ಲಿ ಮಗುವಿಗೆ ಉಳಿಯುವುದು ಪುಸ್ತಕ ಮಾತ್ರ.

3. ಏಳಲು ಒಂದು ಒಪ್ಪಿತ ಕಾರಣ. ಹಲಗೆ ಒರೆಸುವುದು, ಹಾಜರಿ ಪುಸ್ತಕವನ್ನು ಕಚೇರಿಗೆ ಒಯ್ಯುವುದು, ನೋಟ್‌ಬುಕ್ ಹಂಚುವುದು. ಹೇಗೂ ಏಳುವ ಮಗು ಕೆಲಸದ ಮೇಲೆ ಎದ್ದರೆ ಯಾರಿಗೂ ಕಿರಿಕಿರಿಯಿಲ್ಲ.

ನಾಲ್ಕನೆಯ ಬೇಡಿಕೆ ಎಷ್ಟೇ ನ್ಯಾಯವಾಗಿದ್ದರೂ ಅಂದು ಹೇಳಬೇಡಿ. ಮುಂದಿನ ಹಂತದ ಚೀಟಿಯನ್ನು ಹದಿನೈದು ದಿನದ ನಂತರದ ಎರಡನೆಯ ಭೇಟಿಗೆ ಇಟ್ಟುಕೊಳ್ಳಿ. ಶಿಕ್ಷಕರಿಗೆ ಹೆಚ್ಚಿನ ನೆರವು ಬೇಕೆನಿಸಿದರೆ, ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿಯೇ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಮುಖ್ಯಶಿಕ್ಷಕರ ಮೂಲಕ ಅವರನ್ನು ಶಾಲೆಗೆ ಕರೆಸಿಕೊಳ್ಳಬಹುದು.

ಮಗುವಿಗೆ ಹೊಡೆಯುತ್ತಿದ್ದಾರೆ ಅಥವಾ ತರಗತಿಯಲ್ಲಿ ಹೀಯಾಳಿಸುತ್ತಿದ್ದಾರೆ ಎಂದು ತಿಳಿದರೆ ಮಾತ್ರ ಈ ನಿಧಾನದ ಕ್ರಮ ಅನ್ವಯಿಸುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸುತ್ತದೆ. ಮುಖ್ಯಶಿಕ್ಷಕರಿಗೆ ಬರವಣಿಗೆಯಲ್ಲಿ ಕೊಡಿ, ಫಲವಿಲ್ಲದಿದ್ದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಹಾಗೂ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ. ‘ನೀವೇ ಎರಡು ಬಿಗಿಯಿರಿ ಮೇಷ್ಟ್ರೇ’ ಎಂದು ಹಿಂದೊಮ್ಮೆ ನೀವೇ ಹೇಳಿದ್ದರೆ ಆ ಮಾತನ್ನು ಮೊದಲು ಹಿಂದಕ್ಕೆ ಪಡೆಯಿರಿ.

ಹಂತ 5: ದಿನದ ಚೀಟಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತವನ್ನು ಮಾಡಲು ಸಾಧ್ಯವೆನ್ನುವವರು ಇದನ್ನು ಮಾಡಿ. ಅಂಗೈಯಗಲದ ಒಂದು ಕಾಗದ. ಅದರಲ್ಲಿ ಮೂರು ಗುರಿಗಳು, ನಾಲ್ಕು ಪೀರಿಯಡ್‌ಗಳು, ಒಟ್ಟು ಹನ್ನೆರಡು ಮನೆಗಳು. ಪ್ರತಿ ಪೀರಿಯಡ್ ಮುಗಿದ ಕೂಡಲೇ ಶಿಕ್ಷಕರು ಗುರಿ ತಲುಪಿದ್ದರೆ ಟಿಕ್ ಹಾಕುತ್ತಾರೆ, ಇಲ್ಲವಾದರೆ ಖಾಲಿ ಬಿಡುತ್ತಾರೆ. ಸಂಜೆ ಟಿಕ್‌ಗಳನ್ನು ಎಣಿಸಿ ಮನೆಯಲ್ಲಿ ಅಂದೇ ಬಹುಮಾನ.

ಗುರಿ ಬರೆಯುವ ಮೊದಲು ಐದು ದಿನ ಎಣಿಕೆ ಮಾತ್ರ ನಡೆಯಲಿ. ಮಗು ಒಂದು ಪೀರಿಯಡ್‌ನಲ್ಲಿ ಎಂಟು ಸಲ ಕೇಳದೆ ಮಾತನಾಡುತ್ತದೆ ಎಂದಿಟ್ಟುಕೊಳ್ಳಿ. ಮೊದಲ ಗುರಿ ‘ಮಾತನಾಡಬಾರದು’ ಎಂದಲ್ಲ, ‘ಆರು ಅಥವಾ ಅದಕ್ಕಿಂತ ಕಡಿಮೆ’ ಎಂದು. ಐದು ದಿನಗಳಲ್ಲಿ ನಾಲ್ಕು ದಿನ ಅದನ್ನು ತಲುಪಿದರೆ ಐದಕ್ಕೆ ಇಳಿಸಿ. ಈ ಮೆಟ್ಟಿಲು ಅತಿ ಚಿಕ್ಕದೆಂದು ದೊಡ್ಡವರಿಗೆ ಅನಿಸುತ್ತದೆ. ಮಗು ಮೊದಲ ವಾರವೇ ಗೆಲ್ಲದಿದ್ದರೆ ಎರಡನೆಯ ವಾರ ಚೀಟಿಯನ್ನು ಬೇಲಿಯಾಚೆ ಎಸೆದು ಬರುತ್ತದೆ ಎಂಬುದನ್ನು ನಾನು ಕಂಡಿದ್ದೇನೆ. ತಪ್ಪು ನನ್ನದೇ ಆಗಿತ್ತು: ಆರಂಭದ ವರ್ಷಗಳಲ್ಲಿ ಏಳು ಗುರಿಗಳ ಸುಂದರವಾದ ಚೀಟಿಯೊಂದನ್ನು ಅಚ್ಚು ಹಾಕಿಸಿ ಹಂಚಿದ್ದೆ, ಒಂದೇ ಒಂದು ಮನೆಯಲ್ಲಿಯೂ ಅದು ಮೂರು ವಾರ ದಾಟಲಿಲ್ಲ.

ಗುರಿಗಳು ಎಣಿಸಲು ಬರುವಂತಿರಬೇಕು. ‘ಹಲಗೆಯ ಮೇಲಿನದನ್ನು ಬೆಲ್ ಹೊಡೆಯುವಷ್ಟರಲ್ಲಿ ಬರೆದಿದ್ದಾನೆ’, ‘ಕೆಲಸ ಹೇಳಿದ ಎರಡು ನಿಮಿಷದೊಳಗೆ ಆರಂಭಿಸಿದ್ದಾನೆ’, ‘ಪುಸ್ತಕ, ಪೆನ್ಸಿಲ್ ಬೆಂಚಿನ ಮೇಲಿವೆ’, ಇಂತಹವು ನಡೆಯುತ್ತವೆ. ‘ಒಳ್ಳೆಯ ನಡತೆ’, ‘ಗಮನ ಕೊಟ್ಟಿದ್ದಾನೆ’ ನಡೆಯುವುದಿಲ್ಲ. ಮೂರರಲ್ಲಿ ಒಂದಾದರೂ ಮಗು ಈಗಾಗಲೇ ಹೆಚ್ಚು ದಿನ ಮಾಡುತ್ತಿರುವ ಕೆಲಸವಾಗಿರಲಿ. ಆಗ ಕೆಟ್ಟ ದಿನವೂ ಚೀಟಿ ಪೂರ್ತಿ ಖಾಲಿಯಾಗುವುದಿಲ್ಲ.

ಬಹುಮಾನಕ್ಕೆ ಹಣ ಬೇಡ. ಎಂಟು ಟಿಕ್ ಬಂದರೆ ಅಪ್ಪನೊಂದಿಗೆ ಅಂಗಳದಲ್ಲಿ ಇಪ್ಪತ್ತು ನಿಮಿಷ ಕ್ರಿಕೆಟ್, ಹತ್ತು ಬಂದರೆ ರಾತ್ರಿಗೆ ಅಕ್ಕಿರೊಟ್ಟಿಯೋ ಕಡುಬೋ ಎಂದು ಆರಿಸುವ ಹಕ್ಕು, ಹಾಲಿನ ಡೈರಿಗೆ ಹೋಗುವಾಗ ಬೈಕಿನ ಮುಂದೆ ಕೂರಿಸಿಕೊಳ್ಳುವುದರ ಬದಲು ಹಿಂದೆ ದೊಡ್ಡವರಂತೆ ಕೂರುವ ಅವಕಾಶ. ಮಗುವಿಗೆ ಏನು ಇಷ್ಟವೋ ಅದು, ಆದರೆ ಅದೇ ಸಂಜೆ. ಎರಡು ಮೂರು ವಾರಕ್ಕೊಮ್ಮೆ ಪಟ್ಟಿಯನ್ನು ಬದಲಿಸಿ, ಏಕೆಂದರೆ ಈ ಮಕ್ಕಳಿಗೆ ಯಾವುದೇ ಬಹುಮಾನ ಬೇಗ ಹಳತಾಗುತ್ತದೆ. ಟಿಕ್ ಬರದಿದ್ದರೆ ಬಹುಮಾನವಿಲ್ಲ, ಅಷ್ಟೆ; ಅದರ ಮೇಲೆ ಬೈಗುಳವನ್ನು ಸೇರಿಸಬಾರದು. ಊಟ ಮತ್ತು ಆಟದ ಪೀರಿಯಡ್ ಎಂದಿಗೂ ಶಿಕ್ಷೆಯಾಗಿ ಕಡಿತವಾಗಬಾರದು. ಓಡಿ ದಣಿಯಬೇಕಾದ ಮಗುವನ್ನು ಆಟದಿಂದ ಹಿಡಿದು ಕೂರಿಸಿದರೆ ಮುಂದಿನ ಪೀರಿಯಡ್ ಶಿಕ್ಷಕರಿಗೇ ಶಿಕ್ಷೆ.

ಚೀಟಿ ಕೆಡುವ ಬಗೆಗಳು ಕೆಲವೇ. ಶಿಕ್ಷಕರು ಕೆಂಪು ಶಾಯಿಯಲ್ಲಿ ‘ಇಂದೂ ಗಲಾಟೆ’ ಎಂದು ಬರೆಯಲಾರಂಭಿಸಿದರೆ ಅದು ದೂರುಪತ್ರವಾಗುತ್ತದೆ, ಮಗು ಅದನ್ನು ಮನೆಗೆ ತರುವುದಿಲ್ಲ. ಟಿಕ್ ಬಿಟ್ಟು ಬೇರೇನೂ ಬರೆಯದಂತೆ ಸೌಜನ್ಯದಿಂದ ಕೇಳಿಕೊಳ್ಳಿ. ಚೀಟಿ ಕಳೆದುಹೋದ ದಿನ ಟಿಕ್ ಸೊನ್ನೆ ಎಂಬ ನಿಯಮವನ್ನು ಮೊದಲೇ ಹೇಳಿರಿ, ಇಲ್ಲವಾದರೆ ಕೆಟ್ಟ ದಿನದ ಚೀಟಿಗಳು ಮಾತ್ರ ಕಳೆಯತೊಡಗುತ್ತವೆ. ಅಜ್ಜಿ ಕರುಣೆಯಿಂದ ಟಿಕ್ ಇಲ್ಲದೆಯೂ ಬಹುಮಾನ ಕೊಟ್ಟರೆ ಚೀಟಿಗೆ ಬೆಲೆಯಿಲ್ಲ. ಕೂಡುಕುಟುಂಬದಲ್ಲಿ ಚೀಟಿಯ ಹೊಣೆ ಒಬ್ಬರದೇ ಆಗಿರಲಿ, ಅಜ್ಜಿಯೇ ಆದರೂ ಅಡ್ಡಿಯಿಲ್ಲ. ಮೊದಲ ಹತ್ತು ದಿನ ಚೆನ್ನಾಗಿ ನಡೆದು ಮೂರನೆಯ ವಾರ ಕುಸಿಯುವುದು ಸಾಮಾನ್ಯ. ಆಗ ನಿಲ್ಲಿಸಬೇಡಿ, ಗುರಿಯನ್ನು ಒಂದು ಮೆಟ್ಟಿಲು ಇಳಿಸಿ ಮುಂದುವರಿಸಿ.

ಹಂತ 6: ಹೋಂವರ್ಕ್ ಮತ್ತು ಬ್ಯಾಗು

ಹೋಂವರ್ಕ್ ಆರಂಭವನ್ನು ಗಡಿಯಾರಕ್ಕಲ್ಲದೆ ಒಂದು ಘಟನೆಗೆ ಕಟ್ಟಿ: ತಿಂಡಿ ತಿಂದು ಅರ್ಧ ಗಂಟೆ ಆಡಿದ ಮೇಲೆ, ಅಥವಾ ಹಾಲು ಹಾಕಿ ಬಂದ ಮೇಲೆ. ಟೈಮರ್‌ನಲ್ಲಿ ಹತ್ತು ನಿಮಿಷ ಕೆಲಸ, ಮೂರು ನಿಮಿಷ ಓಡಾಟ. ಐದು ಲೆಕ್ಕವಿದ್ದರೆ ಪುಟವನ್ನು ಮಡಿಸಿ ಒಂದೇ ಲೆಕ್ಕ ಕಾಣುವಂತೆ ಇಡಿ. ಕಷ್ಟದ ವಿಷಯ ಮೊದಲು. ದೊಡ್ಡವರೊಬ್ಬರು ಅದೇ ಕೋಣೆಯಲ್ಲಿ ತಮ್ಮ ಕೆಲಸ ಮಾಡುತ್ತಾ ಕುಳಿತಿರಬೇಕು. ಪಾಠ ಹೇಳಿಕೊಡಬೇಕೆಂದಿಲ್ಲ, ಅಕ್ಕಿ ಆರಿಸುತ್ತಿದ್ದರೂ ಸಾಕು.

ನಾಲ್ಕನೆಯ ತರಗತಿಗೆ ನಲವತ್ತು ನಿಮಿಷ ಎಂದು ಮಿತಿ ಹಾಕಿಕೊಳ್ಳಿ, ತರಗತಿಗೆ ಹತ್ತು ನಿಮಿಷದ ಲೆಕ್ಕ. ಅಷ್ಟರಲ್ಲಿ ಮುಗಿಯದಿದ್ದರೆ ಅಲ್ಲಿಗೇ ಗೆರೆ ಎಳೆದು, ‘ನಲವತ್ತು ನಿಮಿಷ ಕೆಲಸ ಮಾಡಿದ್ದಾನೆ’ ಎಂದು ಬರೆದು ಸಹಿ ಹಾಕಿ. ಇದಕ್ಕೆ ಶಿಕ್ಷಕರ ಒಪ್ಪಿಗೆಯನ್ನು ಎರಡನೆಯ ಭೇಟಿಯಲ್ಲಿ ಪಡೆದಿರಬೇಕು. ರಾತ್ರಿ ಹತ್ತರವರೆಗೆ ಅಳಿಸಿ ಬರೆಸಿದ ಹೋಂವರ್ಕ್‌ನಿಂದ ಉಳಿಯುವುದು ಅಕ್ಷರದ ಮೇಲಿನ ದ್ವೇಷ ಮಾತ್ರ.

ಬ್ಯಾಗನ್ನು ರಾತ್ರಿಯೇ ಮಗುವಿನ ಕೈಯಿಂದಲೇ ಜೋಡಿಸಿ ಬಾಗಿಲ ಬಳಿ ಇಡಿಸಿ. ಗಣಿತಕ್ಕೆ ಕೆಂಪು ಬೈಂಡು, ಕನ್ನಡಕ್ಕೆ ಹಳದಿ. ವೇಳಾಪಟ್ಟಿಯಲ್ಲಿಯೂ ಅದೇ ಬಣ್ಣ ಹಚ್ಚಿದರೆ ಓದದೆಯೇ ಜೋಡಿಸಬಹುದು. ಚೀಟಿಗೆ ಜಿಪ್ ಚೀಲ, ಚೀಲಕ್ಕೆ ಬ್ಯಾಗಿನ ಮುಂದಿನ ಖಾನೆ. ಎರಡು ಪೆನ್ಸಿಲ್ ಶಿಕ್ಷಕರ ಮೇಜಿನಲ್ಲೇ ಇರಲಿ.

ಹಂತ 7: ಪರೀಕ್ಷೆ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವರ್ಗಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯ ಹೆಸರಿದೆ, ಎಡಿಎಚ್‌ಡಿಯ ಹೆಸರು ಪ್ರತ್ಯೇಕವಾಗಿಲ್ಲ. ಆದರೆ ಎಡಿಎಚ್‌ಡಿ ಇರುವ ಹಲವು ಮಕ್ಕಳಿಗೆ ಕಲಿಕಾ ನ್ಯೂನತೆಯೂ ಜೊತೆಗಿರುತ್ತದೆ. ಓದು, ಕಾಗುಣಿತ ಅಥವಾ ಲೆಕ್ಕದಲ್ಲಿ ಮಗು ಎರಡು ತರಗತಿಯಷ್ಟು ಹಿಂದಿದ್ದರೆ ಅದರ ತಪಾಸಣೆಯನ್ನೂ ಮಾಡಿಸಿ. ಎಸ್‌ಎಸ್‌ಎಲ್‌ಸಿಯಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಹೆಚ್ಚುವರಿ ಸಮಯದಂತಹ ರಿಯಾಯಿತಿಗಳಿವೆ; ಅರ್ಜಿ ಹೋಗುವುದು ಮುಖ್ಯಶಿಕ್ಷಕರ ಮೂಲಕ, ಪ್ರಮಾಣಪತ್ರದೊಂದಿಗೆ. ಹತ್ತನೆಯ ತರಗತಿಯ ಡಿಸೆಂಬರ್‌ನಲ್ಲಿ ಓಡಾಡಿದರೆ ಕಾಗದ ಕೈಗೆ ಬರುವುದಿಲ್ಲ. ಒಂಬತ್ತನೆಯ ತರಗತಿಯ ಆರಂಭದಲ್ಲೇ ಕೇಳಿ.

ಉಳಿದಂತೆ, ಪ್ರಶ್ನೆಯ ಮೇಲೆ ಸ್ಕೇಲ್ ಇಟ್ಟು ಒಂದೊಂದೇ ಸಾಲು ಓದುವುದು, ‘ಯಾವುದಾದರೂ ಎರಡು’ ಎಂಬಂತಹ ಮಾತಿಗೆ ಅಡಿಗೆರೆ ಹಾಕುವುದು, ಕೊನೆಯ ಹತ್ತು ನಿಮಿಷ ಬಿಟ್ಟುಹೋದ ಪ್ರಶ್ನೆಯ ಸಂಖ್ಯೆಗಳನ್ನು ಮಾತ್ರ ನೋಡುವುದು, ಈ ಮೂರನ್ನು ವರ್ಷದ ನಡುವಿನ ರೂಪಣಾತ್ಮಕ ಪರೀಕ್ಷೆಗಳಲ್ಲೇ ಅಭ್ಯಾಸ ಮಾಡಿಸಿ.

ಎಚ್ಚರಿಕೆಯ ಲಕ್ಷಣಗಳು

ಶಾಲೆಯ ದಿನಗಳಲ್ಲಿ ಮಾತ್ರ ಬೆಳಿಗ್ಗೆ ಹೊಟ್ಟೆನೋವು, ಭಾನುವಾರ ಇಲ್ಲ ಎಂದಾದರೆ ತರಗತಿಯಲ್ಲಿ ಏನೋ ನಡೆಯುತ್ತಿದೆ. ಮಗುವಿನೊಂದಿಗೆ ಒಬ್ಬರೇ ಕುಳಿತು ವಿಚಾರಿಸಿ. ಔಷಧ ಆರಂಭವಾದ ಮೇಲೆ ತೂಕ ಇಳಿಯುತ್ತಾ ಹೋಗುವುದು, ಕಣ್ಣು ಅಥವಾ ಭುಜ ತಾನಾಗಿ ಅದುರುವುದು, ಎದೆಬಡಿತದ ದೂರು, ಮಗು ಗೊಂಬೆಯಂತೆ ಮಂಕಾಗುವುದು, ಇವು ಕಂಡರೆ ಮುಂದಿನ ತಿಂಗಳ ಭೇಟಿಗೆ ಕಾಯದೆ ವೈದ್ಯರಿಗೆ ತಿಳಿಸಿ. ‘ನಾನು ಸತ್ತರೆ ನಿಮಗೆ ಒಳ್ಳೆಯದಲ್ಲವೇ’ ಎಂಬ ಮಾತನ್ನು ನಾಟಕವೆಂದು ತಳ್ಳಿಹಾಕಬೇಡಿ. ಮಗುವನ್ನು ಒಂಟಿಯಾಗಿ ಬಿಡದೆ, ತೋಟದ ಔಷಧಿ, ಕೀಟನಾಶಕಗಳನ್ನು ಬೀಗದೊಳಗಿಟ್ಟು, ಅಂದೇ ಆಸ್ಪತ್ರೆಗೆ ಹೋಗಿ ಅಥವಾ 14416ಕ್ಕೆ ಕರೆ ಮಾಡಿ.

ಹಂತ 8: ತಡೆದು ನಿಂತಾಗ ಮತ್ತೆ ಹೊರಡುವುದು

ನಮ್ಮ ಕಡೆ ವರ್ಷದಲ್ಲಿ ಮೂರು ಸಲ ವ್ಯವಸ್ಥೆ ಕುಸಿಯುತ್ತದೆ: ಜುಲೈ, ಆಗಸ್ಟ್‌ನ ಮಳೆ ರಜೆ, ದಸರಾ ರಜೆ, ಮತ್ತು ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಕಾಫಿ ಕೊಯ್ಲು. ಕೊಯ್ಲಿನಲ್ಲಿ ಮನೆಯವರೆಲ್ಲ ಕಣದಲ್ಲಿದ್ದು ಸಂಜೆಯ ಚೀಟಿಯನ್ನು ಎಣಿಸುವವರೇ ಇರುವುದಿಲ್ಲ. ಆ ತಿಂಗಳುಗಳಿಗೆ ಗುರಿಗಳನ್ನು ಮೂರರಿಂದ ಒಂದಕ್ಕೆ ಇಳಿಸಿ, ಆದರೆ ನಿಲ್ಲಿಸಬೇಡಿ. ಮಳೆ ರಜೆ ನಾಲ್ಕು ದಿನ ದಾಟಿದರೆ ದಿನಕ್ಕೆ ಎರಡು ಟೈಮರ್ ಸುತ್ತು ಕೆಲಸ ಮತ್ತು ಅದೇ ಮಲಗುವ ಹೊತ್ತು ಉಳಿದಿರಲಿ. ಶಾಲೆ ಮರಳಿ ತೆರೆದ ಮೊದಲ ವಾರ ಹಿಂದಿನ ಗುರಿಗಿಂತ ಒಂದು ಮೆಟ್ಟಿಲು ಕೆಳಗಿನಿಂದ ಆರಂಭಿಸಿ.

ಶಿಕ್ಷಕರ ವರ್ಗಾವಣೆಯಾದಾಗ ಅಥವಾ ಮಗು ಮುಂದಿನ ತರಗತಿಗೆ ಹೋದಾಗ ಎಲ್ಲವೂ ಸೊನ್ನೆಯಿಂದ ಆರಂಭವಾಗುವುದನ್ನು ತಪ್ಪಿಸಲು, ಮಾರ್ಚ್ ಕೊನೆಯ ವಾರ ಈಗಿನ ಶಿಕ್ಷಕರೊಂದಿಗೆ ಕುಳಿತು ಒಂದು ಪುಟ ಬರೆಯಿರಿ. ಯಾವ ಜಾಗದಲ್ಲಿ ಚೆನ್ನಾಗಿ ಕೂತ, ಯಾವ ಗುರಿ ಎಲ್ಲಿಯವರೆಗೆ ಬಂತು, ಯಾವ ಬಹುಮಾನ ನಡೆಯಿತು, ಯಾವ ಮಾತಿಗೆ ಸಿಟ್ಟಾಗುತ್ತಾನೆ, ಯಾವ ಕೆಲಸ ಕೊಟ್ಟರೆ ಖುಷಿಯಾಗುತ್ತಾನೆ. ಒಂದೇ ಮಗ್ಗುಲು, ದೊಡ್ಡ ಅಕ್ಷರ, ಕೊನೆಯಲ್ಲಿ ಶಿಕ್ಷಕರ ಸಹಿ. ಎರಡು ಜೆರಾಕ್ಸ್ ಮಾಡಿಸಿ ಒಂದನ್ನು ಮುಖ್ಯಶಿಕ್ಷಕರ ಕಡತದಲ್ಲಿ ಹಾಕಿಸಿ, ಇನ್ನೊಂದನ್ನು ಜೂನ್ ಮೊದಲ ವಾರ, ದೂರು ಶುರುವಾಗುವ ಮೊದಲೇ, ಹೊಸ ಶಿಕ್ಷಕರ ಕೈಗೆ ಕೊಡಿ.